ಪಿಕಪ್ ಗಾಡಿ ತಗೋಬೇಕು, ಪೆಟ್ರೋಲಾ ಡೀಸೆಲ್ಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಾಡಿಗೆಗೆ ಓಡಿಸಲು, ಅಥವಾ ಸ್ವಂತ ಅಂಗಡಿ, ಫ್ಯಾಕ್ಟರಿ ಕೆಲಸಕ್ಕೆ ಗೂಡ್ಸ್ ಗಾಡಿ ತಗೊಳ್ಳುವವರು ಕೇಳುವ ಪ್ರಶ್ನೆಗಳಿವು. ಟಾಟಾ ಏಸ್‌ನಿಂದ ಹಿಡಿದು ಬೊಲೆರೊ ಪಿಕಪ್‌ವರೆಗಿನ ಗಾಡಿಗಳ ಮಾತು ಮಾತ್ರ ಇಲ್ಲಿದೆ. ದರ 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಏರಿದ ನಂತರದ್ದು: ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ಹತ್ತಿರ ಹತ್ತಿರ 103 ರೂಪಾಯಿ, ಡೀಸೆಲ್ 91. ನೀವು ಓದುವಾಗ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಂಡು ಲೆಕ್ಕ ಮಾಡಿ.

ಸುತ್ತಿ ಬಳಸಿ ಹೇಳೋದು ಬೇಡ. ಯಾವುದು ತಗೊಳ್ಳಲಿ?

ಲೋಡ್ ಮುಕ್ಕಾಲು ಟನ್ ದಾಟುವುದಿಲ್ಲ, ದಿನದ ಓಟ ಐವತ್ತು ಅರವತ್ತು ಕಿಲೋಮೀಟರ್, ಅದೂ ಚೂರು ಚೂರು ಟ್ರಿಪ್ಪು ಅಂದರೆ ಪೆಟ್ರೋಲ್. ಲೋಡ್ ಟನ್ ಮೇಲಿದೆ, ಇಲ್ಲವೇ ದಿನಾ ಕೋಲಾರ, ತುಮಕೂರು ಕಡೆ ಹೋಗಿ ಬರಬೇಕು ಅಂದರೆ ಡೀಸೆಲ್. ನಡುವೆ ಸಿಕ್ಕಿಕೊಂಡವರು ಕೆಳಗಿನದೆಲ್ಲ ಓದಬೇಕು.

ಬಂಕ್‌ನ ದರದ ಬೋರ್ಡ್ ನೋಡಿ ತೀರ್ಮಾನ ಮಾಡುವವರೇ ಜಾಸ್ತಿ. ನನ್ನ ಪ್ರಕಾರ ನೋಡಬೇಕಾದ್ದು ಬೇರೆ ಎರಡು. ಗಾಡಿ ಮೇಲೆ ದಿನಾ ಎಷ್ಟು ತೂಕ ಇರುತ್ತದೆ? ಎಂಜಿನ್ ಒಂದೇ ಸಮ ಎಷ್ಟು ಹೊತ್ತು ಬಿಸಿಯಾಗಿ ಓಡುತ್ತದೆ? ಈಗಿನ ಡೀಸೆಲ್ ಗಾಡಿಗೆ ಎರಡನೆಯದೇ ಜೀವಾಳ.

ಎಲ್ಲಾ ಸೈಜಿನಲ್ಲೂ ಎರಡೂ ಸಿಗುತ್ತಾ?

ಇಲ್ಲ. ಅರ್ಧ ಗೊಂದಲ ಇಲ್ಲೇ ಮುಗಿಯುತ್ತದೆ.

ಟಾಟಾ ಏಸ್ 2005ರಲ್ಲಿ ಬಂದಾಗ ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್ ಮಾತ್ರ ಇತ್ತು. ಆಮೇಲೆ 694 ಸಿಸಿ ಪೆಟ್ರೋಲ್ ಬಂತು, ಸಿಎನ್‌ಜಿ ಬಂತು. 2025ರಲ್ಲಿ ಬಿಟ್ಟ ಏಸ್ ಪ್ರೊ ನೋಡಿ: ಪೆಟ್ರೋಲ್ ಇದೆ, ಸಿಎನ್‌ಜಿ ಜೊತೆ ಪೆಟ್ರೋಲ್ ಇರುವುದಿದೆ, ಎಲೆಕ್ಟ್ರಿಕ್ ಇದೆ, ಡೀಸೆಲ್ ಇಲ್ಲ. ಮಾರುತಿಯ ಸೂಪರ್ ಕ್ಯಾರಿಯದ್ದೂ ಅದೇ ಕಥೆ. 2016ರಲ್ಲಿ 793 ಸಿಸಿ ಡೀಸೆಲ್ ಎಂಜಿನ್ ಇಟ್ಟುಕೊಂಡು ಬಂತು, 2020ರಲ್ಲಿ ಬಿಎಸ್6 (ಗಾಡಿ ಹೊಗೆಗೆ ಸರ್ಕಾರ ಇಟ್ಟ ಹೊಸ ಮಿತಿ; ಅದಕ್ಕೂ ಹಿಂದಿನದು ಬಿಎಸ್4) ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಅಲ್ಲಿಂದ 1.2 ಲೀಟರ್ ಪೆಟ್ರೋಲ್ ಮತ್ತು ಸಿಎನ್‌ಜಿ. ಚಿಕ್ಕ ಎಂಜಿನ್ನಿಗೆ ಹೊಗೆ ಶುದ್ಧ ಮಾಡುವ ಸಾಮಾನೆಲ್ಲ ಸೇರಿಸಿದರೆ ಗಾಡಿಯ ಬೆಲೆ ಏರುತ್ತದೆ, ಕೊಳ್ಳುವವರಿಗೆ ಗಿಟ್ಟುವುದಿಲ್ಲ. ಅದಕ್ಕೇ ಈ ಸೈಜಿನಲ್ಲಿ ಡೀಸೆಲ್ ಹಿಂದೆ ಸರಿಯುತ್ತಿದೆ.

ಟನ್ ಮೇಲಿನ ಗಾಡಿಗಳಲ್ಲಿ ಪೂರಾ ತಿರುಗುಮುರುಗು. ಟಾಟಾ ಇಂಟ್ರಾ ವಿ30, ವಿ50, ಅಶೋಕ್ ಲೇಲ್ಯಾಂಡ್ ದೋಸ್ತ್, ಮಹೀಂದ್ರ ಬೊಲೆರೊ ಪಿಕಪ್, ಇವೆಲ್ಲ ಮುಖ್ಯವಾಗಿ ಡೀಸೆಲ್, ಕೆಲವಕ್ಕೆ ಸಿಎನ್‌ಜಿ. ಬರೀ ಪೆಟ್ರೋಲ್ ಬೇಕು ಅಂತ ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ.

ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ದೊಡ್ಡ ಪಿಕಪ್ ಕೇಳುವವರೂ ಇದ್ದಾರೆ. ಅವು ನಮ್ಮಲ್ಲಿ ಡೀಸೆಲ್ ಮಾತ್ರ. ಅಮೆರಿಕದವರ ಯೂಟ್ಯೂಬ್ ವಿಡಿಯೊ ನೋಡಿ ದೊಡ್ಡ ಪೆಟ್ರೋಲ್ ಪಿಕಪ್ ಎಷ್ಟಕ್ಕೆ ಸಿಗುತ್ತೆ ಅಂತ ಕೇಳಬೇಡಿ, ಅಲ್ಲಿನ ಲೆಕ್ಕವೇ ಬೇರೆ.

ಡೀಸೆಲ್ ಯಾಕೆ ಜಾಸ್ತಿ ಮೈಲೇಜ್ ಕೊಡುತ್ತೆ?

ಮೂರು ಕಾರಣ. ಒಂದು, ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಶೇಕಡ 10ರಷ್ಟು ಜಾಸ್ತಿ ಶಕ್ತಿ ಇದೆ. ಎರಡು, ಡೀಸೆಲ್ ಎಂಜಿನ್‌ನಲ್ಲಿ ಪ್ಲಗ್ ಕಿಡಿ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿ ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುವ ಹಾಗೆ ಮಾಡುತ್ತಾರೆ. ಹಾಗೆ ಗಟ್ಟಿಯಾಗಿ ಒತ್ತುವುದರಿಂದ ಅದೇ ಇಂಧನದಲ್ಲಿ ಜಾಸ್ತಿ ಕೆಲಸ ಹೊರಡುತ್ತದೆ. ಮೂರನೆಯದನ್ನು ಹೇಳುವವರು ಕಡಿಮೆ. ಪೆಟ್ರೋಲ್ ಎಂಜಿನ್ ನಿಧಾನಕ್ಕೆ ಓಡುವಾಗ ಗಾಳಿಯ ದಾರಿಯನ್ನೇ ಅರ್ಧ ಮುಚ್ಚಿಕೊಂಡು ಉಸಿರು ಎಳೆಯುತ್ತದೆ, ಅದಕ್ಕೇ ಒಂದಿಷ್ಟು ಶಕ್ತಿ ವ್ಯರ್ಥ. ಡೀಸೆಲ್‌ನಲ್ಲಿ ಆ ಕಟ್ಟುಪಾಡು ಹೆಚ್ಚುಕಡಿಮೆ ಇಲ್ಲ, ಇಂಧನವನ್ನಷ್ಟೇ ಕಡಿಮೆ ಬಿಡುತ್ತದೆ.

ಹಾಗಾದ್ರೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಡೀಸೆಲ್ಲೇ ಕಡಿಮೆ ಕುಡಿಯುತ್ತೆ ಅಲ್ವಾ?

ಹೌದು, ಕುಡಿಯುವುದು ಕಡಿಮೆಯೇ. ಸಿಟಿಗೆ ಪೆಟ್ರೋಲ್, ಹೈವೇಗೆ ಡೀಸೆಲ್ ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೆ ಕಾರಣ ಮೈಲೇಜ್ ಅಲ್ಲ. ನಿಂತು ನಿಂತು ಹೋಗುವಾಗ ಡೀಸೆಲ್‌ನ ಉಳಿತಾಯ ಚೆನ್ನಾಗಿಯೇ ಇರುತ್ತದೆ. ಸೈಲೆನ್ಸರ್ ಕಡೆಯ ಫಿಲ್ಟರ್ ಮಾತ್ರ ಆ ಓಟಕ್ಕೆ ಒಗ್ಗುವುದಿಲ್ಲ. ಅದರ ಮಾತು ಡಿಪಿಎಫ್ ಪ್ರಶ್ನೆಯಲ್ಲಿದೆ.

ಒಂದು ಲೆಕ್ಕ ಹಾಕಿ ತೋರಿಸಿ. ಡೀಸೆಲ್‌ಗೆ ಕೊಟ್ಟ ಜಾಸ್ತಿ ದುಡ್ಡು ಯಾವಾಗ ವಾಪಸ್ ಬರುತ್ತೆ?

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ಪೆಟ್ರೋಲ್ ಗಾಡಿ ಲೋಡ್ ಇಟ್ಟುಕೊಂಡು ಸಿಟಿಯಲ್ಲಿ ಲೀಟರಿಗೆ 15 ಕಿಲೋಮೀಟರ್, ಡೀಸೆಲ್ 18. ಪೆಟ್ರೋಲಿಗೆ ಕಿಲೋಮೀಟರಿಗೆ 6 ರೂಪಾಯಿ 87 ಪೈಸೆ ಬೀಳುತ್ತದೆ, ಡೀಸೆಲ್‌ಗೆ 5 ರೂಪಾಯಿ 6 ಪೈಸೆ. ಅಂತರ 1 ರೂಪಾಯಿ 80 ಪೈಸೆ ಚಿಲ್ಲರೆ.

ಡೀಸೆಲ್ ಗಾಡಿಗೆ ಆನ್‌ರೋಡ್ ಬೆಲೆ 70,000 ಜಾಸ್ತಿ ಅಂದುಕೊಳ್ಳಿ. ಅದು ವಾಪಸ್ ಬರಲು ಹತ್ತಿರ ಹತ್ತಿರ 39,000 ಕಿಲೋಮೀಟರ್ ಓಡಬೇಕು. ದಿನಕ್ಕೆ 50 ಕಿಲೋಮೀಟರಿನ ಹಾಗೆ ತಿಂಗಳಿಗೆ 25 ದಿನ ಓಡಿಸುವವರಿಗೆ ಎರಡೂವರೆ ವರ್ಷ ದಾಟುತ್ತದೆ. ದಿನಕ್ಕೆ 100 ಓಡಿಸುವವರಿಗೆ ಒಂದು ವರ್ಷ ಮೂರು ನಾಲ್ಕು ತಿಂಗಳು ಸಾಕು. ಡೀಸೆಲ್ ರಿಪೇರಿಗೆ ಕಿಲೋಮೀಟರಿಗೆ 30 ಪೈಸೆ ಜಾಸ್ತಿ ಅಂತ ಸೇರಿಸಿದರೆ 50ರವರ ಲೆಕ್ಕ ಮೂರು ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಲೋನ್ ಮೇಲೆ ತಗೊಂಡರೆ ಆ 70,000ಕ್ಕೂ ಬಡ್ಡಿ ಕಟ್ಟುತ್ತೀರಿ, ಮರೆಯಬೇಡಿ.

15, 18 ನನ್ನ ಅಂದಾಜು. ನಿಮ್ಮ ರೂಟಿನಲ್ಲಿ ಅದೇ ಗಾಡಿ ಓಡಿಸುವ ಡ್ರೈವರ್‌ಗಳನ್ನು ಕೇಳಿ. ಕಲಾಸಿಪಾಳ್ಯದಲ್ಲೋ ಯಶವಂತಪುರ ಯಾರ್ಡಿನಲ್ಲೋ ಲೋಡಿಗೆ ಕಾಯುತ್ತಾ ನಿಂತವರು ಬೇಕಾದಷ್ಟು ಸಿಗುತ್ತಾರೆ, ಟೀ ಕೊಡಿಸಿದರೆ ನಿಜ ಹೇಳುತ್ತಾರೆ. ಶೋರೂಮಿನವರು ಹೇಳುವ ಮೈಲೇಜ್ ಲೋಡ್ ಇಲ್ಲದ ಖಾಲಿ ರಸ್ತೆಯದ್ದು.

ಮೊದಲೆಲ್ಲ ಕಣ್ಣು ಮುಚ್ಚಿಕೊಂಡು ಡೀಸೆಲ್ ತಗೋ ಅಂತಿದ್ದರು. ಈಗೇನಾಯ್ತು?

2012ರ ಹೊತ್ತಿಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿ ಮೀರಿದ ಅಂತರ ಇದ್ದದ್ದೂ ಉಂಟು. ಆಗ ಯೋಚನೆಯೇ ಬೇಕಿರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು, ಅಂತರ ಕರಗುತ್ತಾ ಬಂತು. ಇತ್ತೀಚೆಗೆ ನಮ್ಮ ರಾಜ್ಯದ ಮಾರಾಟ ತೆರಿಗೆಯೂ ಏರಿದೆ. 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ತೆರಿಗೆ ಶೇಕಡ 14.34 ಇದ್ದದ್ದು 18.44 ಆಯಿತು, 2025ರ ಏಪ್ರಿಲ್‌ನಲ್ಲಿ 21.17. ಈಗ ಅಂತರ ಹನ್ನೆರಡು ರೂಪಾಯಿ ಆಸುಪಾಸು.

ದರಕ್ಕಿಂತ ದೊಡ್ಡ ಬದಲಾವಣೆ 2020ರ ಏಪ್ರಿಲ್ 1ಕ್ಕೆ ಬಂದ ಬಿಎಸ್6. ಹಳೇ ಡೀಸೆಲ್ ಎಂಜಿನ್ನಿನಲ್ಲಿ ಕೆಡಲು ಏನೂ ಇರಲಿಲ್ಲ, ರಸ್ತೆ ಬದಿ ಮೆಕ್ಯಾನಿಕ್ ಒಂದು ಸ್ಪ್ಯಾನರ್ ಸೆಟ್ಟಿನಲ್ಲಿ ಬಿಚ್ಚಿ ಕೂರಿಸುತ್ತಿದ್ದ. ಆ ಹೆಸರಿನ ಮೇಲೆ ಈಗಲೂ ಡೀಸೆಲ್ ಕೊಳ್ಳುವವರಿದ್ದಾರೆ. ಎಂಜಿನ್ ಮಾತ್ರ ಅದಲ್ಲ.

ಡಿಪಿಎಫ್, ಡಿಪಿಎಫ್ ಅಂತಾರಲ್ಲ, ಏನದು? ನಿಜಕ್ಕೂ ಅಷ್ಟು ತಲೆನೋವಾ?

ಡೀಸೆಲ್ ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ಸೈಲೆನ್ಸರ್ ದಾರಿಯಲ್ಲಿ ಕೂತಿರುತ್ತದೆ. ಬಿಎಸ್6ನಲ್ಲಿ ಮಸಿಗೆ ಇಟ್ಟ ಮಿತಿ ತುಂಬಾ ಬಿಗಿ, ಹಾಗಾಗಿ ಈಗಿನ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ.

ಹಿಡಿದ ಮಸಿ ಎಲ್ಲಿಗೆ ಹೋಗಬೇಕು? ಅಲ್ಲೇ ಸುಟ್ಟು ಬೂದಿಯಾಗಬೇಕು. ಅದಕ್ಕೆ ಹೊಗೆಯ ಬಿಸಿ 600 ಡಿಗ್ರಿ ಹತ್ತಿರ ಹೋಗಬೇಕು. ತುಮಕೂರು ರೋಡಿನಲ್ಲಿ ನೆಲಮಂಗಲ ದಾಟಿ ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿದರೆ ಆ ಕೆಲಸ ನಿಮಗೆ ಗೊತ್ತೇ ಆಗದ ಹಾಗೆ ಮುಗಿಯುತ್ತದೆ. ಆದರೆ ಬಿವಿಕೆ ಅಯ್ಯಂಗಾರ್ ರೋಡಿನಿಂದ ಚಿಕ್ಕಪೇಟೆ, ಚಿಕ್ಕಪೇಟೆಯಿಂದ ಶಿವಾಜಿನಗರ, ನಡುವೆ ಅರ್ಧ ಗಂಟೆ ಗಾಡಿ ಆಫ್, ಮತ್ತೆ ಎರಡು ಕಿಲೋಮೀಟರ್, ಹೀಗೆ ಓಡಿಸಿದರೆ ಆ ಬಿಸಿ ಬರುವುದೇ ಇಲ್ಲ. ಮಸಿ ಕೂಡುತ್ತಾ ಹೋಗುತ್ತದೆ. ಎಂಜಿನ್ ತಾನಾಗಿ ಸುಡಲು ಜಾಸ್ತಿ ಡೀಸೆಲ್ ಬಿಟ್ಟು ಬಿಸಿ ಮಾಡಲು ನೋಡುತ್ತದೆ. ಅಷ್ಟರಲ್ಲಿ ನೀವು ಗೋಡೌನ್ ಬಂತು ಅಂತ ಕೀ ತೆಗೆಯುತ್ತೀರಿ. ಅರ್ಧಕ್ಕೆ ನಿಂತು ಹೋಯಿತು. ಇದು ಹತ್ತಾರು ಸಲ ಆದರೆ ಲೈಟ್ ಹತ್ತುತ್ತದೆ. ಆಮೇಲೂ ಗಮನಿಸದಿದ್ದರೆ ಗಾಡಿ ತಾನೇ ಎಳೆತ ಕಡಿಮೆ ಮಾಡಿಕೊಳ್ಳುತ್ತದೆ, ಆಗ ಸರ್ವಿಸ್ ಸೆಂಟರಿಗೆ ಹೋಗದೆ ದಾರಿಯಿಲ್ಲ. ಸುಡಲು ಬಿಟ್ಟ ಡೀಸೆಲ್ ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಜೊತೆಗೂ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿ ಪಡಬೇಡಿ, ತಕ್ಷಣ ತೋರಿಸಿ.

ಹಾಗಾದರೆ ಡೀಸೆಲ್ ಬೇಡವೇ ಬೇಡವಾ? ಹಾಗಲ್ಲ. ವಾರಕ್ಕೆ ಒಂದೆರಡು ಸಲವಾದರೂ ಲೋಡ್ ಇಟ್ಟುಕೊಂಡು ಹೊಸಕೋಟೆಗೋ ದೊಡ್ಡಬಳ್ಳಾಪುರಕ್ಕೋ ಹೋಗುವ ಕೆಲಸ ಇದ್ದವರಿಗೆ ಇದು ತಲೆನೋವೇ ಅಲ್ಲ. ಪೇಟೆ ಬಿಟ್ಟು ಹೊರಗೇ ಹೋಗದವರಿಗೆ ಹೌದು.

ಲೈಟ್ ಹತ್ತಿದರೆ ಏನು ಮಾಡಲಿ?

ಮೊದಲು ಗಾಡಿ ಜೊತೆ ಬಂದ ಪುಸ್ತಕದಲ್ಲಿ ಆ ಲೈಟ್ ಯಾವುದು ಅಂತ ನೋಡಿ. ಡಿಪಿಎಫ್ ತುಂಬುತ್ತಿದೆ ಅನ್ನುವ ಸೂಚನೆ ಮಾತ್ರ ಆಗಿದ್ದರೆ ನೈಸ್ ರೋಡ್ ಹತ್ತಿ ಮೂರನೇ ನಾಲ್ಕನೇ ಗೇರಿನಲ್ಲಿ, ಎಂಜಿನ್ ಸ್ವಲ್ಪ ಮೇಲೆ ತಿರುಗುವ ಹಾಗೆ, ನಿಲ್ಲಿಸದೆ ಓಡಿಸಿ. ಟೋಲ್ ದುಡ್ಡು ಫಿಲ್ಟರ್ ಬೆಲೆಯ ಮುಂದೆ ಏನೂ ಅಲ್ಲ. ಎಂಜಿನ್ ಲೈಟ್ ಸಹ ಜೊತೆಗೆ ಹತ್ತಿದ್ದರೆ ಓಡಿಸಿ ಸರಿ ಮಾಡುವ ಸಾಹಸ ಬೇಡ.

ಫಿಲ್ಟರ್ ಕಿತ್ತು ಒಳಗೆ ಖಾಲಿ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಮಾಡಿಸಬೇಡಿ. ವಾರಂಟಿ ಹೋಗುತ್ತದೆ, ಎಫ್‌ಸಿಗೆ (ಗಾಡಿಯ ಫಿಟ್ನೆಸ್ ಸರ್ಟಿಫಿಕೇಟಿಗೆ) ಹೋದಾಗ ಸಿಕ್ಕಿಬೀಳುತ್ತೀರಿ. ಆ ಮಸಿ ಕುಡಿಯುವವರು ನಿಮ್ಮ ಗಾಡಿ ಹಿಂದೆ ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ನಿಂತಿರುತ್ತಾರೆ.

ಆಡ್‌ಬ್ಲೂ ಹಾಕಿಸಬೇಕಂತೆ?

ಎಲ್ಲಾ ಗಾಡಿಗೂ ಇಲ್ಲ. ಇರುವ ಗಾಡಿಗೆ ಬೇರೆ ನೀಲಿ ಮುಚ್ಚಳದ ಟ್ಯಾಂಕ್ ಇರುತ್ತದೆ. ಅದಕ್ಕೆ ಹಾಕುವುದು ಹೊಗೆ ಶುದ್ಧ ಮಾಡಲು ಬಳಸುವ, ಶುದ್ಧ ನೀರಿನಲ್ಲಿ ಶೇಕಡ 32.5 ಯೂರಿಯಾ ಕರಗಿಸಿದ ದ್ರಾವಣ. ಮನೆಯಲ್ಲಿ ಗೊಬ್ಬರದ ಯೂರಿಯಾ ಕಲಸಿ ಹಾಕಿದರೆ ಕೆಡುವುದು ಗ್ಯಾರಂಟಿ. ಗಾಡಿ ನೋಡುವಾಗಲೇ ಇದು ಬೇಕಾ ಬೇಡವಾ ಕೇಳಿಕೊಳ್ಳಿ.

ಎಳೆತ ಯಾವುದರಲ್ಲಿ ಚೆನ್ನ? ಫ್ಲೈಓವರ್ ಹತ್ತುತ್ತಾ?

ಎರಡೂ ಹತ್ತುತ್ತವೆ, ಹತ್ತುವ ರೀತಿ ಬೇರೆ. ಸೂಪರ್ ಕ್ಯಾರಿಯ ಪೆಟ್ರೋಲ್ ಎಂಜಿನ್ ಟಾರ್ಕ್ (ತಿರುಗಿಸುವ ಬಲ) ಸುಮಾರು 104 ನ್ಯೂಟನ್ ಮೀಟರ್, ಇಂಟ್ರಾ ವಿ50ರ ಡೀಸೆಲ್‌ದು 220. ವಿ50 ದೊಡ್ಡ ಗಾಡಿ, ಒಂದೂವರೆ ಟನ್ ಹೊರುವುದು, ಅದು ಸರಿ. ಆದರೆ ಆ 220 ಕೆಳಗಿನ ಆರ್‌ಪಿಎಂನಲ್ಲೇ (ಎಂಜಿನ್ ನಿಧಾನಕ್ಕೆ ತಿರುಗುವಾಗಲೇ), 1750 ಹೊತ್ತಿಗೇ ಸಿಗುತ್ತದೆ. ಹೆಬ್ಬಾಳ ಫ್ಲೈಓವರ್ ನಡು ಏರಿನಲ್ಲಿ ಟ್ರಾಫಿಕ್ ನಿಂತು ಮತ್ತೆ ಹೊರಡುವಾಗ ಇದರ ಬೆಲೆ ಗೊತ್ತಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಫುಲ್ ಲೋಡ್ ಇದ್ದರೆ ಅಲ್ಲಿ ಎಕ್ಸಲರೇಟರ್ ಒತ್ತಿ ಕ್ಲಚ್ ಮೇಲೆ ಆಟವಾಡಬೇಕಾಗುತ್ತದೆ. ದಿನಾ ಹಾಗೆ ಮಾಡಿದರೆ ಕ್ಲಚ್ ಪ್ಲೇಟ್ ಬೇಗ ತೇಯುತ್ತದೆ.

ಇನ್ನೊಂದು ಸಣ್ಣ ಸಂಗತಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಶೇಕಡ 10ರಷ್ಟು ತೆಳು. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಚೆನ್ನೈನಲ್ಲಿ ಕೊಡುವ ಶಕ್ತಿಗಿಂತ ಇಲ್ಲಿ ಅಷ್ಟೇ ಕಡಿಮೆ ಕೊಡುತ್ತದೆ. ಟರ್ಬೊ ಇರುವ ಡೀಸೆಲ್‌ಗೆ ಅದು ಅಷ್ಟಾಗಿ ತಟ್ಟುವುದಿಲ್ಲ.

ಶಿರಾಡಿ, ಚಾರ್ಮಾಡಿ ಕಡೆ ಲೋಡ್ ಒಯ್ಯುವವರು ಡೀಸೆಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಇಳಿಯುವಾಗ ಮಾತ್ರ ಯಾವ ಎಂಜಿನ್ ಆದರೂ ಗೇರಿನಲ್ಲೇ ಇಳಿಸಿ. ನ್ಯೂಟ್ರಲ್ ಮಾಡಿ ಇಂಧನ ಉಳಿಸುವ ಬುದ್ಧಿವಂತಿಕೆಗೆ ಬ್ರೇಕ್ ಬಿಸಿಯಾಗಿ ಕೈಕೊಡುತ್ತದೆ.

ಪೆಟ್ರೋಲ್ ಗಾಡಿಗೆ ಸ್ವಲ್ಪ ಓವರ್‌ಲೋಡ್ ಹಾಕಬಹುದಾ?

ಸ್ವಲ್ಪ ಅನ್ನುವುದು ಎಲ್ಲಿ ನಿಲ್ಲುತ್ತೆ ಹೇಳಿ? 2019ರ ತಿದ್ದುಪಡಿ ನಂತರ ಕೇಂದ್ರ ಮೋಟಾರು ವಾಹನ ಕಾಯಿದೆಯಲ್ಲಿ ಓವರ್‌ಲೋಡ್ ದಂಡ 20,000 ರೂಪಾಯಿಯಿಂದ ಶುರು. ದಂಡ ಬಿಡಿ, 750 ಕೆಜಿ ಗಾಡಿಗೆ ದಿನಾ ಒಂದು ಟನ್ ಹಾಕುವ ಹಾಗಿದ್ದರೆ ನಿಮಗೆ ಬೇಕಾದ್ದು ಬೇರೆ ಗಾಡಿ. ಮೂರು ವರ್ಷದಲ್ಲಿ ಸ್ಪ್ರಿಂಗ್ ಪಟ್ಟಿ, ಟೈರ್, ಕ್ಲಚ್‌ಗೆ ಸುರಿಯುವ ದುಡ್ಡನ್ನು ಮೊದಲೇ ದೊಡ್ಡ ಗಾಡಿಯ ಡೌನ್ ಪೇಮೆಂಟಿಗೆ ಹಾಕಿ.

ಮೆಂಟೆನೆನ್ಸ್ ಯಾವುದಕ್ಕೆ ಜಾಸ್ತಿ?

ಸರ್ವಿಸ್ ಬಿಲ್ ಮಾತ್ರ ನೋಡಿದರೆ ಡೀಸೆಲ್‌ಗೆ ಸ್ವಲ್ಪ ಜಾಸ್ತಿ: ಆಯಿಲ್ ಹೆಚ್ಚು ಹಿಡಿಯುತ್ತದೆ, ಡೀಸೆಲ್ ಫಿಲ್ಟರ್ ಬದಲಿಸುತ್ತಿರಬೇಕು, ಫಿಲ್ಟರಿನ ಕೆಳಗೆ ಸೇರುವ ನೀರು ಬಿಡಬೇಕು. ನಿಜವಾದ ವ್ಯತ್ಯಾಸ ಕೆಟ್ಟಾಗ. ಡೀಸೆಲ್‌ನ ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಟರ್ಬೊ, ಇವುಗಳಲ್ಲಿ ಯಾವುದು ಹೋದರೂ ಒಂದೆರಡು ತಿಂಗಳ ಕಂತಿನಷ್ಟು ಬಿಲ್ ಬರಬಹುದು. ಪೆಟ್ರೋಲ್‌ನಲ್ಲಿ ಪ್ಲಗ್, ಕಾಯಿಲ್, ಸೆನ್ಸರ್. ಜೆಸಿ ರೋಡಿನಲ್ಲಿ ಹುಡುಕಿದರೆ ಸಿಗುವ ಬೆಲೆಗೆ ಮುಗಿಯುತ್ತದೆ.

ಒಳ್ಳೆಯ ಬಂಕ್ ಗೊತ್ತು ಮಾಡಿಕೊಂಡು ಅಲ್ಲೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಈಗಿನ ಕಾಮನ್ ರೈಲ್ (ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ ಇರುವ) ಎಂಜಿನ್‌ಗೆ ಕಲಬೆರಕೆ ತಡೆಯುವ ಶಕ್ತಿ ಕಡಿಮೆ. ಸಾವಿರಕ್ಕೂ ಜಾಸ್ತಿ ಬಾರ್ ಒತ್ತಡದಲ್ಲಿ ಸೂಜಿಮೊನೆಯಂಥ ತೂತಿನಿಂದ ಡೀಸೆಲ್ ಚಿಮ್ಮಬೇಕು. ಸೀಮೆಎಣ್ಣೆ ಬೆರೆಸಿದ ಡೀಸೆಲ್‌ನಲ್ಲಿ ಜಿಡ್ಡು ಇರುವುದಿಲ್ಲ, ಪಂಪ್ ತೇಯುತ್ತದೆ.

ಈಗ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆಸ್ತಾರಲ್ಲ, ಅದರಿಂದ ತೊಂದರೆ ಇಲ್ವಾ?

ಇ20 ಅಂದರೆ ಶೇಕಡ 20 ಎಥನಾಲ್. ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಹಾಗಾಗಿ ಇ20 ಲೀಟರಿನಲ್ಲಿ ಶಕ್ತಿ ಲೆಕ್ಕದ ಪ್ರಕಾರ ಶೇಕಡ 6-7 ಕಡಿಮೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಮೇಲಿನ ಲೆಕ್ಕ ಹಾಕುವಾಗ ಹಳೇ ಮೈಲೇಜ್ ಹಾಕಬೇಡಿ. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ಪೈಪು, ಸೀಲುಗಳು ಇದಕ್ಕೆ ಒಗ್ಗುವ ಹಾಗೆ ಇರುತ್ತವೆ. ಅದಕ್ಕೂ ಹಳೆಯ ಪೆಟ್ರೋಲ್ ಏಸ್ ಸೆಕೆಂಡ್ ಹ್ಯಾಂಡ್ ತಗೊಳ್ಳುತ್ತಿದ್ದರೆ ರಬ್ಬರ್ ಪೈಪುಗಳನ್ನು ಒಮ್ಮೆ ನೋಡಿಸಿ. ಎಥನಾಲ್ ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಗಾಡಿಯನ್ನು ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ದಿನಾ ಓಡುವ ಗಾಡಿಗೆ ಆ ಚಿಂತೆ ಇಲ್ಲ.

ಪೆಟ್ರೋಲೂ ಬೇಡ ಡೀಸೆಲ್ಲೂ ಬೇಡ, ಸಿಎನ್‌ಜಿ ಹೇಗೆ?

ಸಿಟಿಯೊಳಗಿನ ಬಾಡಿಗೆಗೆ ಚೆನ್ನಾಗಿದೆ. ಕಿಲೋಮೀಟರ್ ಖರ್ಚು ಪೆಟ್ರೋಲಿಗಿಂತ ಕಡಿಮೆ, ಡಿಪಿಎಫ್ ಕಾಟ ಇಲ್ಲ. ಬದಲಿಗೆ ಎರಡು ಬಿಡಬೇಕು. ಸಿಲಿಂಡರ್ ತೂಕ ಲೋಡಿನಿಂದ ಕಳೆಯುತ್ತದೆ: ಸೂಪರ್ ಕ್ಯಾರಿ ಪೆಟ್ರೋಲ್ 740 ಕೆಜಿ ಹೊತ್ತರೆ ಸಿಎನ್‌ಜಿ 625. ಎರಡನೆಯದು ಕ್ಯೂ. ಗ್ಯಾಸ್ ಬಂಕ್ ಮುಂದೆ ನಿಂತ ಹೊತ್ತೂ ಬಾಡಿಗೆ ಹೊತ್ತೇ, ಅಲ್ವಾ? ನಿಮ್ಮ ದಿನದ ದಾರಿಯಲ್ಲೇ ಬಂಕ್ ಇದೆಯಾ, ರಾತ್ರಿ ತೆರೆದಿರುತ್ತಾ ನೋಡಿಕೊಳ್ಳಿ. ಕೆಲವು ಸಿಎನ್‌ಜಿ ಗಾಡಿಗಳಿಗೆ ಪೆಟ್ರೋಲ್ ಟ್ಯಾಂಕ್ ಐದೇ ಲೀಟರ್ ಇರುತ್ತದೆ. ಗ್ಯಾಸ್ ಮುಗಿದರೆ ಬಂಕ್ ತಲುಪಲು ಅಷ್ಟು ಸಾಕು, ಊರಿಗೆ ಹೋಗಲು ಸಾಲದು.

ಪೆಟ್ರೋಲ್ ಗಾಡಿ ತಗೊಂಡು ಹೊರಗೆ ಕಿಟ್ ಹಾಕಿಸುವುದಾದರೆ ಒಪ್ಪಿಗೆ ಇರುವ ಕಿಟ್ಟನ್ನೇ ಹಾಕಿಸಿ ಆರ್‌ಸಿಯಲ್ಲಿ ಬರೆಸಿ. ಬರೆಸದ ಕಿಟ್ ಇದ್ದ ಗಾಡಿಗೆ ಏನಾದರೂ ಆದರೆ ಇನ್ಶೂರೆನ್ಸ್ ಕೈಗೆ ಸಿಗುವುದು ಕಷ್ಟ.

ಎಲೆಕ್ಟ್ರಿಕ್?

ದಿನದ ಓಟ ಗೊತ್ತಿದ್ದು, ರಾತ್ರಿ ನಿಲ್ಲಿಸುವ ಜಾಗದಲ್ಲಿ ಚಾರ್ಜ್ ಮಾಡಲು ಆಗುವವರಿಗೆ ಮಾತ್ರ. ರಸ್ತೆ ಬದಿ ಗಾಡಿ ನಿಲ್ಲಿಸಿ ಮನೆಗೆ ಹೋಗುವವರಿಗೆ ಸದ್ಯಕ್ಕೆ ಬೇಡ ಅಂತ ನನ್ನ ಅಭಿಪ್ರಾಯ.

ನನ್ನ ಕೆಲಸ ಹೇಳ್ತೀನಿ, ಗಾಡಿ ನೀವೇ ಹೇಳಿ.

ತುಂಬಾ ಜನ ಹೀಗೇ ಕೇಳುವುದು.

ನೀರಿನ ಕ್ಯಾನ್: 20 ಲೀಟರಿನ ಒಂದು ಕ್ಯಾನ್ ಅಂದರೆ ನೀರೇ 20 ಕೆಜಿ. 35 ಕ್ಯಾನ್ ಹಾಕಿದರೆ 700 ಕೆಜಿ ಆಯಿತು, ಮುಕ್ಕಾಲು ಟನ್ ಗಾಡಿಗೆ ಅದೇ ಮಿತಿ. ಪ್ರತಿ ಬೀದಿಯಲ್ಲೂ ಆಫ್ ಮಾಡಿ ಆನ್ ಮಾಡುವ ಕೆಲಸ. ಪೆಟ್ರೋಲ್ ಅಥವಾ ಎಲೆಕ್ಟ್ರಿಕ್. ಡೀಸೆಲ್ ಫಿಲ್ಟರಿಗೆ ಇದಕ್ಕಿಂತ ಕೆಟ್ಟ ಓಟ ಇಲ್ಲ.

ಟೊಮೆಟೊ, ತರಕಾರಿ: ಕೋಲಾರ, ಚಿಂತಾಮಣಿಯಿಂದ ಬೆಳಗಿನ ಜಾವ ತುಂಬಿಕೊಂಡು ಬರುವುದು, 15 ಕೆಜಿಯ ನೂರು ಬಾಕ್ಸ್ ಅಂದರೆ ಒಂದೂವರೆ ಟನ್. ಯೋಚನೆಯೇ ಬೇಡ, ಡೀಸೆಲ್.

ಹೂವು: ಜಾಗ ಜಾಸ್ತಿ ಬೇಕು, ತೂಕ ಇಲ್ಲ. ಪೆಟ್ರೋಲ್, ಸಿಎನ್‌ಜಿ ಎರಡೂ ನಡೆಯುತ್ತದೆ. ಬಾಡಿ ಉದ್ದ ಎಷ್ಟಿದೆ ಅನ್ನುವುದು ಎಂಜಿನ್ನಿಗಿಂತ ಮುಖ್ಯ. ಮನೆ ಶಿಫ್ಟಿಂಗ್ ಸಹ ಹಾಗೇ, ಬೀರು ಮಂಚಕ್ಕೆ ಜಾಗ ಬೇಕು.

ಸಿಮೆಂಟ್, ಟೈಲ್ಸ್: 50 ಕೆಜಿ ಮೂಟೆ 15 ಹಾಕಿದರೆ 750. ಗಿರಾಕಿ ಯಾವಾಗಲೂ ಇಪ್ಪತ್ತು ಹಾಕು ಅಂತಾನೆ. ಟನ್ ಮೇಲಿನ ಡೀಸೆಲ್ ಗಾಡಿ ನೋಡಿ.

ಪೀಣ್ಯ, ಬೊಮ್ಮಸಂದ್ರ ಜಾಬ್ ವರ್ಕ್: ಇದೇ ಕಷ್ಟದ್ದು. ಕಬ್ಬಿಣದ ಸಾಮಾನು ನೋಡಲು ಗಾಡಿಯ ಕಾಲು ಭಾಗ ಕಾಣುತ್ತದೆ, ತೂಗಿದರೆ ಟನ್ ದಾಟಿರುತ್ತದೆ. ಓಟ ಮಾತ್ರ ಎರಡು ಮೂರು ಕಿಲೋಮೀಟರ್. ತೂಕಕ್ಕೆ ಡೀಸೆಲ್ ಬೇಕು, ಓಟ ಡೀಸೆಲ್‌ಗೆ ಒಗ್ಗುವುದಿಲ್ಲ. ಟನ್ ಸೈಜಿನ ಸಿಎನ್‌ಜಿ ಗಾಡಿ ಸಿಕ್ಕರೆ ಅದು ಮೊದಲ ಆಯ್ಕೆ. ಇಲ್ಲದಿದ್ದರೆ ಡೀಸೆಲ್ ತಗೊಂಡು ವಾರಕ್ಕೊಮ್ಮೆ ತುಮಕೂರು ರೋಡಿನ ಲೋಡ್ ಒಂದು ಹಿಡಿದುಕೊಳ್ಳಿ.

ಲೈಸೆನ್ಸ್, ಇನ್ಶೂರೆನ್ಸ್, ಪರ್ಮಿಟ್‌ನಲ್ಲಿ ಪೆಟ್ರೋಲ್ ಡೀಸೆಲ್ ವ್ಯತ್ಯಾಸ ಇದೆಯಾ?

ಇಲ್ಲ, ಎಲ್ಲಾ ತೂಕದ ಮೇಲೆ. ಒಟ್ಟು ತೂಕ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಖಚಿತ ಮಾಡಿದೆ. ಲೋಡ್ ಸೇರಿ 3,000 ಕೆಜಿ ದಾಟದ ಗಾಡಿಗೆ ಪರ್ಮಿಟ್ ಬೇಡ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ತೂಕದ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದದ್ದು ಎರಡಕ್ಕೂ ಒಂದೇ. ಅದಕ್ಕೂ ಹಿಂದಿನ ಕೊಟೇಶನ್ ಇಟ್ಟುಕೊಂಡು ಲೆಕ್ಕ ಹಾಕಬೇಡಿ.

ಡೀಸೆಲ್ ಗಾಡಿಗೆ ಹತ್ತೇ ವರ್ಷ ಅಂತಾರಲ್ಲ?

ಅದು ದೆಹಲಿ ಸುತ್ತಮುತ್ತಲಿನ ನಿಯಮ. ಬೆಂಗಳೂರಿನಲ್ಲಿ ಹಾಗಿಲ್ಲ, ಎಫ್‌ಸಿ ಸಿಗುವ ಸ್ಥಿತಿಯಲ್ಲಿದ್ದರೆ ಓಡಿಸಬಹುದು. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ.

ಸೆಕೆಂಡ್ ಹ್ಯಾಂಡ್ ಆದರೆ?

ಬಿಎಸ್4 ಡೀಸೆಲ್ ಚೆನ್ನಾಗಿರುವುದು ಸಿಕ್ಕರೆ ಸಿಟಿ ಓಟಕ್ಕೂ ನಡೆಯುತ್ತದೆ, ಕೆಡುವ ಸಾಮಾನು ಕಡಿಮೆ. ಆದರೆ ವಯಸ್ಸಾಗುತ್ತಿದೆ, ಲೋನ್ ಸಿಗುವುದು ಕಷ್ಟ. ಬಿಎಸ್6 ಡೀಸೆಲ್ ನೋಡುವುದಾದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಕರೆದುಕೊಂಡು ಹೋಗಿ ಡಿಪಿಎಫ್ ಎಷ್ಟು ತುಂಬಿದೆ, ಕಿತ್ತಿದ್ದಾರಾ ಅಂತ ನೋಡಿಸದೆ ಅಡ್ವಾನ್ಸ್ ಕೊಡಬೇಡಿ. ತಣ್ಣಗಿರುವ ಎಂಜಿನ್ ನಿಮ್ಮ ಮುಂದೆಯೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಇದೆ ಅಂತಲೇ ಅರ್ಥ. ಮಾರುವಾಗ ಟನ್ ಮೇಲಿನ ಡೀಸೆಲ್‌ಗೆ ಊರ ಕಡೆಯವರು ಒಳ್ಳೆ ಬೆಲೆ ಕೊಡುತ್ತಾರೆ, ಚಿಕ್ಕ ಪೆಟ್ರೋಲ್ ಗಾಡಿಗೆ ಗಿರಾಕಿ ಸಿಟಿಯಲ್ಲೇ.

ಬಂಕ್ ಹುಡುಗ ತಪ್ಪಿ ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಬಿಟ್ಟರೆ?

ಕೀ ಹಾಕಬೇಡಿ. ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಡೀಸೆಲ್ ಪಂಪಿಗೆ ಜಿಡ್ಡು ಡೀಸೆಲ್‌ನಿಂದಲೇ ಸಿಗಬೇಕು, ಪೆಟ್ರೋಲ್ ಹೋದರೆ ಒಣಗಿ ಉಜ್ಜುತ್ತದೆ. ಎರಡು ಲೀಟರ್ ತಾನೇ, ಮೇಲೆ ಡೀಸೆಲ್ ತುಂಬಿಸಿ ಓಡಿಸು ಅನ್ನುವವರ ಮಾತು ಕೇಳಬೇಡಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಹೋದರೆ ಹೊಗೆ ಬಂದು, ಪ್ಲಗ್ ಕಪ್ಪಾಗಿ ನಿಲ್ಲುತ್ತದೆ. ಕ್ಲೀನ್ ಮಾಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮಳೆ ನೀರಿನಲ್ಲಿ ಯಾವುದು ಗಟ್ಟಿ?

ಎರಡೂ ಅಲ್ಲ. ಡೀಸೆಲ್‌ಗೆ ಪ್ಲಗ್ ಇಲ್ಲ, ಹಾಗಾಗಿ ಸ್ವಲ್ಪ ನೀರಿನಲ್ಲಿ ನಿಲ್ಲದೆ ದಾಟಬಹುದು. ಆದರೆ ಗಾಳಿ ದಾರಿಯಲ್ಲಿ ನೀರು ಹೋದರೆ ಎಂಜಿನ್ ಒಳಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಡೀಸೆಲ್‌ನಲ್ಲಿ ಒತ್ತುವ ಬಲ ಜಾಸ್ತಿ ಇರುವುದರಿಂದ ಹೊಡೆತವೂ ಜಾಸ್ತಿ. ಅಂಡರ್‌ಪಾಸ್‌ನಲ್ಲಿ ಆಫ್ ಆದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ನೋಡಬೇಡಿ, ಎಳೆಸಿಕೊಂಡು ಹೋಗಿ.

ಬೆಳಗ್ಗೆ ಡೀಸೆಲ್ ಗಾಡಿ ಹತ್ತು ನಿಮಿಷ ಬಿಸಿ ಮಾಡಬೇಕಾ?

ಬೆಂಗಳೂರಿನ ಚಳಿಗೆ ಅರ್ಧ ನಿಮಿಷ ಸಾಕು. ಸುಮ್ನೆ ನಿಲ್ಲಿಸಿ ಉರಿಸಿದರೆ ಮಸಿ ಜಾಸ್ತಿ ಆಗುತ್ತದೆ ಅಷ್ಟೇ. ಹೊರಟ ಮೇಲೆ ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಓಡಿಸಿ. ಟರ್ಬೊ ಗಾಡಿ ಆದರೆ ಹೈವೇ ಓಟ ಮುಗಿಸಿ ಬಂದ ತಕ್ಷಣ ಕೀ ತೆಗೆಯಬೇಡಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ.

ಶೋರೂಮಿನಲ್ಲಿ ಏನು ಕೇಳಲಿ?

ಖಾಲಿ ಗಾಡಿ ಟೆಸ್ಟ್ ಡ್ರೈವ್ ಕೊಟ್ಟರೆ ಬೇಡ ಅನ್ನಿ. ನಿಮ್ಮ ಸರಕನ್ನೇ ಅರ್ಧ ಲೋಡಾದರೂ ಹಾಕಿಸಿ, ಯಾವುದಾದರೂ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ಡೀಸೆಲ್ ಆದರೆ ಡಿಪಿಎಫ್‌ಗೆ ವಾರಂಟಿ ಎಷ್ಟು, ಸಿಟಿ ಓಟದಿಂದ ಕಟ್ಟಿಕೊಂಡರೆ ಅದು ವಾರಂಟಿಯಲ್ಲಿ ಬರುತ್ತಾ ಅಂತ ಬರೆದು ಕೊಡಲು ಕೇಳಿ. ಬಾಯಿಮಾತಿಗೆ ಎಲ್ಲರೂ ಹೂಂ ಅಂತಾರೆ. ಸರ್ವಿಸ್ ಸೆಂಟರ್ ನಿಮ್ಮ ಏರಿಯಾದಿಂದ ಎಷ್ಟು ದೂರ, ಭಾನುವಾರ ತೆರೆದಿರುತ್ತಾ ಅಂತಲೂ ಕೇಳಿಕೊಳ್ಳಿ, ಬಾಡಿಗೆ ಗಾಡಿಗೆ ವಾರದ ದಿನ ರಜಾ ಹಾಕಲು ಆಗುವುದಿಲ್ಲ.